ಲಟ್ಟಣಿಗೆ ಮನೆಯಲ್ಲೇ ಇರಲಿ

ಮಗಾ,

ಸ್ಕಾಟ್ಲೆಂಡಿನ ಫೈಫ್ ಕರಾವಳಿಯಲ್ಲಿ ಒಂದು ವಾರಕ್ಕೆ ಮನೆ ಹಿಡಿದಿದ್ದೇವೆ ದೊಡ್ಡಮ್ಮ, ಅಡುಗೆ ನಾವೇ ಮಾಡಿಕೊಳ್ಳಬಹುದು, ಊರಿನಿಂದ ಅತ್ತೆಯೂ ಬರುತ್ತಾರೆ ಎಂದು ನೀನು ಫೋನಿನಲ್ಲಿ ಹೇಳಿದಾಗ ಬಹಳ ಸಂತೋಷವಾಯಿತು. ಆಮೇಲೆ ನೀನು ಲಂಡನ್ನಿನಿಂದ ಕಾರಿನಲ್ಲಿ ಒಯ್ಯುವ ಸಾಮಾನಿನ ಪಟ್ಟಿ ಓದತೊಡಗಿದೆ. 10 ಕೆಜಿ ಅಕ್ಕಿ, ಗೋಧಿ ಹಿಟ್ಟು, ಕುಕ್ಕರ್, ಮಿಕ್ಸಿ, ದೋಸೆ ಕಾವಲಿ, ಮಣೆ, ಲಟ್ಟಣಿಗೆ. ಲಟ್ಟಣಿಗೆ ಎಂದ ಕೂಡಲೇ ನನ್ನ ಎದೆ ಧಸಕ್ಕೆಂದಿತು. ನಿನ್ನ ಗಂಡ, ಮಕ್ಕಳು ಪಕ್ಕದಲ್ಲೇ ಇದ್ದರಲ್ಲ, ಆಗ ಏನೂ ಹೇಳಲಿಲ್ಲ. ಈಗ ಬರೆಯುತ್ತಿದ್ದೇನೆ, ಸಾವಕಾಶವಾಗಿ ಓದು.

ನಿನ್ನ ಅಕ್ಕ ಡಂಡಿಯಲ್ಲಿ ಕೆಲಸಕ್ಕಿದ್ದಾಗ ನಾನು ಐದು ಬೇಸಿಗೆ ಅಲ್ಲಿ ಕಳೆದೆ. ಮೊದಲ ವರ್ಷ ಜೂನ್ ಕೊನೆಗೆ, ಇದೇ ಫೈಫ್‌ನ ಸೀರಿಸ್ ಎಂಬ ಹಳ್ಳಿಯಲ್ಲಿ ನಿಮ್ಮ ಹಾಗೇ ಮನೆ ಹಿಡಿದಿದ್ದೆವು. ಆ ಹಳ್ಳಿಯ ಹೈಲ್ಯಾಂಡ್ ಗೇಮ್ಸ್ ನಡೆಯುವುದು ಜೂನಿನ ಕೊನೆಯ ಶನಿವಾರ. 1314ರಲ್ಲಿ ಬ್ಯಾನಕ್‌ಬರ್ನ್ ಯುದ್ಧ ಗೆದ್ದು ಮರಳಿದ ಊರಿನ ಬಿಲ್ಲುಗಾರರಿಂದ ಶುರುವಾದ ಆಟ ಎಂದು ಅಲ್ಲಿಯವರು ಹೇಳುತ್ತಾರೆ. ಆಟ ನಡೆಯುವ ಬಯಲಿಗೆ ಈಗಲೂ ಬೋ ಬಟ್ಸ್ ಎಂದೇ ಹೆಸರು, ಬಿಲ್ಲುಗಾರರು ಗುರಿ ಹೊಡೆಯುವ ಜಾಗ ಅಂತ. ಬೆಳಿಗ್ಗೆ ಎಲ್ಲರೂ ಹೊರಟು ನಿಂತರು. ಒಂಬತ್ತು ಜನಕ್ಕೆ ಮಧ್ಯಾಹ್ನದ ಊಟ ಆಗಬೇಕಿತ್ತು. ನೀವು ಮುಂದೆ ಹೋಗಿ, ನಾನು ಚಪಾತಿ ಮುಗಿಸಿ ಬರುತ್ತೇನೆ ಎಂದೆ. ಕಿಟಕಿಯಾಚೆ ಬ್ಯಾಗ್‌ಪೈಪ್ ಕೇಳುತ್ತಲೇ ಇತ್ತು. ಚಪಾತಿ, ಪಲ್ಯ, ಆಮೇಲೆ ಊಟ, ಊಟದ ಪಾತ್ರೆ. ನಾನು ಬಯಲಿಗೆ ಹೋಗುವಷ್ಟರಲ್ಲಿ ಹಗ್ಗ ಬಿಚ್ಚಿ ಸುತ್ತಿಡುತ್ತಿದ್ದರು. ಯಾರೂ ನನ್ನನ್ನು ಒತ್ತಾಯ ಮಾಡಿರಲಿಲ್ಲ ಮಗಾ. ಅಡುಗೆಮನೆ ಇದೆ ಎಂದಮೇಲೆ ಅದರೊಳಗೆ ನಿಲ್ಲುವವಳು ನಾನೇ ಎಂದು ನಾನೇ ತಿಳಿದುಕೊಂಡಿದ್ದೆ. ಆ ವಾರ ನೆನೆದರೆ ನನಗೆ ಇವತ್ತಿಗೂ ಕಾಣುವುದು ಆ ಒಲೆಯ ಹಿಂದಿನ ಬಿಳಿ ಟೈಲ್ಸು.

ಮರುವರ್ಷ ಬುತ್ತಿ ಕಟ್ಟದೆ, ಬರಿಗೈಯಲ್ಲಿ ಅದೇ ಬಯಲಿಗೆ ಹೋಗಿ ಹುಲ್ಲಿನ ಮೇಲೆ ಕೂತೆ. 18–20 ಅಡಿ ಉದ್ದದ ಮರದ ದಿಮ್ಮಿಯನ್ನು ಬುಡದಲ್ಲಿ ಎರಡು ಕೈ ಕೊಟ್ಟು ನೆಟ್ಟಗೆ ಎತ್ತಿ ನಾಲ್ಕು ಹೆಜ್ಜೆ ಓಡುತ್ತಾರೆ, ಆಮೇಲೆ ಎಸೆಯುತ್ತಾರೆ. ಎಷ್ಟು ದೂರ ಬಿತ್ತು ಎಂದು ಯಾರೂ ಅಳೆಯುವುದಿಲ್ಲ. ದಿಮ್ಮಿ ಗಾಳಿಯಲ್ಲಿ ತಲೆಕೆಳಗಾಗಿ ಮಗುಚಿ, ಎಸೆದವನ ಎದುರಿಗೆ ನೇರವಾಗಿ, ಗಡಿಯಾರದಲ್ಲಿ ಹನ್ನೆರಡರ ಮುಳ್ಳಿನಂತೆ ಬೀಳಬೇಕು. ನಮ್ಮ ಊರಿನ ಕಂಬಳದಲ್ಲಿ ಕೋಣ ಗುರಿ ಮುಟ್ಟುವಾಗ ಜನ ಉಸಿರು ಹಿಡಿಯುತ್ತಾರಲ್ಲ, ಅಲ್ಲಿಯೂ ಹಾಗೇ. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ತಮ್ಮ ಡಬ್ಬಿಯಿಂದ ಶಾರ್ಟ್‌ಬ್ರೆಡ್ ತೆಗೆದು ನನ್ನ ಕೈಗಿಟ್ಟರು. ಬೆಣ್ಣೆ, ಸಕ್ಕರೆ, ಹಿಟ್ಟು, ಅಷ್ಟೇ. ಆ ರುಚಿ ಈಗಲೂ ನಾಲಿಗೆಯ ಮೇಲಿದೆ.

ನೀವು ಹೋಗುವುದು ಆಗಸ್ಟ್ ಮೊದಲ ವಾರ, ಹಾಗಾಗಿ ಸೀರಿಸ್ ಆಟ ನಿಮಗೆ ಸಿಗುವುದಿಲ್ಲ. ಅದಕ್ಕೆ ಬೇಸರ ಬೇಡ. ಆ ದಿನಗಳಲ್ಲಿ ನಿಮ್ಮ ಮನೆಯ ಸುತ್ತಲೇ ಬೇಕಾದಷ್ಟು ನಡೆಯುತ್ತಿರುತ್ತದೆ. ಪಿಟನ್‌ವೀಮ್ ಎಂಬ ಮೀನುಗಾರರ ಊರಿನಲ್ಲಿ 1982ರಿಂದ ಆಗಸ್ಟ್ ಆರಂಭದಲ್ಲಿ ಚಿತ್ರಕಲೆಯ ಹಬ್ಬ ಮಾಡುತ್ತಾರೆ. ಅದಕ್ಕೆಂದು ದೊಡ್ಡ ಸಭಾಂಗಣವೇನೂ ಇಲ್ಲ. ಊರಿನವರು ತಮ್ಮ ಮನೆಯ ಮುಂದಿನ ಕೋಣೆ, ಗ್ಯಾರೇಜು, ಹಿತ್ತಿಲ ಶೆಡ್ಡು ಖಾಲಿ ಮಾಡಿ ಚಿತ್ರ ತೂಗುಹಾಕುತ್ತಾರೆ, ನೀವು ಒಂದರಿಂದ ಇನ್ನೊಂದು ಮನೆಗೆ ನಡೆದುಕೊಂಡು ಹೋಗಬೇಕು. ಸಂದಿಯಲ್ಲಿ ಇಳಿದರೆ ಬಂದರು, ತಲೆಯೆತ್ತಿದರೆ ಕೆಂಪು ಹೆಂಚಿನ ಮಾಡು. ಆ ಹೆಂಚು ನೋಡಿದಾಗ ನಿನಗೂ ಹೊನ್ನಾವರ ನೆನಪಾಗುತ್ತದೆ. ಸೇಂಟ್ ಆಂಡ್ರ್ಯೂಸಿನಲ್ಲಿ ಅದೇ ಸುಮಾರಿಗೆ ಲ್ಯಾಮಸ್ ಜಾತ್ರೆ. ಶತಮಾನಗಳಿಂದ ಬಂದದ್ದು, ಮಕ್ಕಳಿಗೆ ತೊಟ್ಟಿಲು, ರಾಟೆ ಎಲ್ಲ ಪೇಟೆಯ ರಸ್ತೆಯಲ್ಲೇ ಹಾಕಿರುತ್ತಾರೆ. ಅತ್ತೆಗೆ ಅದರ ಹಿನ್ನೆಲೆ ಹೇಳು. ಲ್ಯಾಮಸ್ ಎಂದರೆ ಹೊಸ ಗೋಧಿಯಲ್ಲಿ ಮಾಡಿದ ರೊಟ್ಟಿಯನ್ನು ಇಗರ್ಜಿಗೆ ಒಪ್ಪಿಸುತ್ತಿದ್ದ ದಿನ, ಆಗಸ್ಟ್ 1. ಹೊಸ್ತಿನ ದಿನ ಕದಿರು ತಂದು ಬಾಗಿಲಿಗೆ ಕಟ್ಟಿ ಬೆಳೆದವರು ಅವರು, ಒಂದೇ ಮಾತಿಗೆ ತಿಳಿಯುತ್ತದೆ.

ಹೈಲ್ಯಾಂಡ್ ಗೇಮ್ಸ್ ನೋಡಲೇಬೇಕು ಎಂದು ಮಕ್ಕಳು ಹಟ ಹಿಡಿದರೆ, ಆಗಸ್ಟಿನ ಮೊದಲ ಶನಿವಾರ ಅಬೋಯ್ನ್‌ನಲ್ಲಿದೆ. ದೂರ, ಬೇಗ ಎದ್ದು ಹೊರಡಬೇಕು. ಅರಸರು ಬರುವ ಬ್ರೇಮಾರ್ ಕೂಟ ಸೆಪ್ಟೆಂಬರಿನ ಮೊದಲ ಶನಿವಾರ, ಅಷ್ಟು ಹೊತ್ತಿಗೆ ನಿಮ್ಮ ಮಕ್ಕಳಿಗೆ ಶಾಲೆ.

ಎಡಿನ್‌ಬರಾ ಉತ್ಸವಕ್ಕೆ ಒಂದೇ ದಿನ ಸಾಕು. ಲೂಕರ್ಸ್ ಸ್ಟೇಷನ್ನಿನಲ್ಲಿ ಕಾರು ಬಿಟ್ಟು ರೈಲು ಹತ್ತಿದರೆ ಸುಮಾರು ಒಂದು ಗಂಟೆ. 1947ರಲ್ಲಿ ಮೊದಲ ಉತ್ಸವಕ್ಕೆ ಕರೆಯದೆಯೇ ಎಂಟು ನಾಟಕ ತಂಡಗಳು ಬಂದು ತಾವೇ ಜಾಗ ಹುಡುಕಿಕೊಂಡು ಆಡಿದವು. ಇಂದಿನ ಫ್ರಿಂಜ್ ಎಂಬ ಉತ್ಸವ ಬೆಳೆದದ್ದು ಅಲ್ಲಿಂದ. ಮುಂಚೆಯೇ ಒಂದು ಆಟಕ್ಕೆ ಟಿಕೆಟ್ ಮಾಡಿಟ್ಟುಕೋ, ಉಳಿದ ಹೊತ್ತು ರಾಯಲ್ ಮೈಲಿನ ಬೀದಿ ಕಲಾವಿದರ ಮುಂದೆ ನಿಂತುಕೊಳ್ಳಿ. ಅವರ ಟೋಪಿಗೆ ನಾಲ್ಕು ಕಾಸು ಹಾಕುವುದನ್ನು ಮಕ್ಕಳಿಗೆ ಕಲಿಸು.

ಈಗ ಊಟದ ವಿಷಯ. ನಾನು ಹೇಳುವುದು ಇಷ್ಟೇ: ಆ ವಾರ ಪಾತ್ರೆಯಲ್ಲಿ ಏನು ಬೇಯಬೇಕೆಂದು ಆ ಊರೇ ಹೇಳಲಿ. ರಸ್ತೆ ಬದಿಯ ತೋಟದ ಗೇಟಿನಲ್ಲಿ ಮರದ ಪೆಟ್ಟಿಗೆ ಕಾಣುತ್ತದೆ. ಒಳಗೆ ಮೊಟ್ಟೆ, ಆಗತಾನೆ ಅಗೆದ ಆಲೂಗಡ್ಡೆ, ಜಾಮು, ಕೇಕು, ಪಕ್ಕದಲ್ಲಿ ಹಣ ಹಾಕಲು ಡಬ್ಬಿ. ಕಾಯುವವರು ಯಾರೂ ಇರುವುದಿಲ್ಲ. ಚಿಲ್ಲರೆ ಕಾಸು ಕಾರಿನಲ್ಲೇ ಇಟ್ಟುಕೋ. ಮೀನಿನ ವ್ಯಾನು ಬರುತ್ತದೆಯೇ, ಯಾವ ದಿನ ಎಂದು ಮನೆಯೊಡತಿಯನ್ನು ಕೇಳಿಟ್ಟುಕೋ. ನಮ್ಮಲ್ಲಿ ಸ್ಕೂಟರಿನವನ ಹಾರ್ನ್ ಕೇಳಿ ಪಾತ್ರೆ ಹಿಡಿದು ಓಡುವ ಹಾಗೆ ಅಲ್ಲೂ ಓಡಬಹುದು. ಕ್ರೇಲ್ ಬಂದರಿನಲ್ಲಿ ಏಡಿ ಚೆನ್ನಾಗಿ ಸಿಗುತ್ತದೆ.

ಮೀನು ತಿನ್ನುವವರಿಗೆ ಒಂದು ದಿನ ಅರ್ಬ್ರೋತಿಗೆ ಮೀಸಲಿಡು. ಡಂಡಿಯ ಬಳಿ ಟೇ ನದಿಯ ಸೇತುವೆ ದಾಟಿ ಕಡಲಗುಂಟ ಹೋಗಬೇಕು. ಹ್ಯಾಡಕ್ ಮೀನಿಗೆ ಉಪ್ಪು ಹಾಕಿ, ಎರಡೆರಡನ್ನು ಬಾಲಕ್ಕೆ ಬಾಲ ಸೇರಿಸಿ ಕಟ್ಟಿ, ಗಟ್ಟಿ ಮರದ ಬೆಂಕಿಯ ಮೇಲೆ ನೇತುಹಾಕಿ, ಮೇಲೆ ಒದ್ದೆ ಗೋಣಿ ಮುಚ್ಚುತ್ತಾರೆ. ಹೊಗೆ, ಉಗಿ ಎರಡರಲ್ಲೂ ಬೆಂದು ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಇದೇ ಅರ್ಬ್ರೋತ್ ಸ್ಮೋಕಿ. ಮೂಲದಲ್ಲಿ ಪಕ್ಕದ ಆಕ್ಮಿತಿ ಎಂಬ ಹಳ್ಳಿಯ ಬೆಸ್ತರದು. 2004ರಿಂದ ಅದಕ್ಕೆ ಕಾನೂನಿನ ರಕ್ಷೆಯಿದೆ, ಅರ್ಬ್ರೋತಿನ 8 ಕಿಲೋಮೀಟರ್ ವ್ಯಾಪ್ತಿಯಲ್ಲಿ ಮಾಡಿದ್ದಕ್ಕೆ ಮಾತ್ರ ಆ ಹೆಸರು. ನಮ್ಮ ಮೈಸೂರು ಮಲ್ಲಿಗೆಗೆ, ಉಡುಪಿಯ ಮಟ್ಟುಗುಳ್ಳಕ್ಕೆ ಇದೆಯಲ್ಲ, ಅಂಥದೇ. ಮಸಾಲೆ ಹಚ್ಚಿ ಹುರಿಯಬೇಡ ಮಗಾ, ಅದು ಆಗಲೇ ಬೆಂದಿದೆ. ಕಾಗದದ ಮೇಲಿಟ್ಟು, ಬಿಸಿಯಿರುವಾಗಲೇ ಕೈಯಲ್ಲಿ ಬಿಡಿಸಿ ತಿನ್ನಿ.

ಮನೆಯಲ್ಲಿ ಒಂದು ರಾತ್ರಿ ಕಲನ್ ಸ್ಕಿಂಕ್ ಮಾಡು, ಮಳೆ ಬಂದ ರಾತ್ರಿಯಾದರೆ ಇನ್ನೂ ಒಳ್ಳೆಯದು. ಉತ್ತರದ ಕಲನ್ ಎಂಬ ಊರಿನ ಸಾರು ಅದು. ಬೆಣ್ಣೆಯಲ್ಲಿ ಈರುಳ್ಳಿ ಬಾಡಿಸಿ ಆಲೂಗಡ್ಡೆ ಬೇಯಿಸು. ಹೊಗೆ ಹಾಕಿದ ಹ್ಯಾಡಕ್ಕನ್ನು ಬೇರೆಯಾಗಿ ಹಾಲಿನಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿ, ಮುಳ್ಳು ತೆಗೆದು, ಹಾಲನ್ನೂ ಮೀನನ್ನೂ ಆಲೂಗಡ್ಡೆಗೆ ಸೇರಿಸು. ಅರ್ಧ ಆಲೂಗಡ್ಡೆ ಮಸೆದರೆ ಸಾರು ದಪ್ಪಗಾಗುತ್ತದೆ. ಕಾಳುಮೆಣಸು ಬಿಟ್ಟು ಬೇರೇನೂ ಬೇಡ. ಹಾಲಿನಲ್ಲಿ ಮೀನೇ ಎಂದು ನನಗೂ ಮೊದಲು ಕಸಿವಿಸಿಯಾಗಿತ್ತು, ಒಂದು ಬಟ್ಟಲು ಕುಡಿದಮೇಲೆ ಇನ್ನೊಂದು ಕೇಳಿದೆ. ಅಂಗಡಿಯಲ್ಲಿ ಹಳದಿ ಬಣ್ಣ ಹಾಕಿದ್ದೂ ಇರುತ್ತದೆ, ನೀನು ಬಣ್ಣವಿಲ್ಲದ ಮಾಸಲು ಮೀನನ್ನೇ ಆರಿಸು.

ಅತ್ತೆ ಶ್ರಾವಣದಲ್ಲಿ ಮೀನು ಮುಟ್ಟುವುದಿಲ್ಲ, ನಿಮ್ಮ ವಾರವೋ ಶ್ರಾವಣದೊಳಗೇ ಬರುತ್ತದೆ. ಅವರನ್ನು ಒಂದು ವಾರ ಅನ್ನ-ತಿಳಿಸಾರಿಗೆ ಕಟ್ಟಿಹಾಕಬೇಡ. ಬೆರ್ರಿಯ ಕಾಲ ಅದು. ಟೇ ನದಿಯ ಆಚೀಚೆ ರಾಸ್ಪ್‌ಬೆರಿ, ಸ್ಟ್ರಾಬೆರಿ ತೋಟಗಳು ತುಂಬ, ನೀವೇ ಕಿತ್ತು ತೂಕ ಹಾಕಿಸಿ ಕೊಳ್ಳಬಹುದು. ಬೇಸಿಗೆಯ ಉದ್ದ ಹಗಲು, ತಂಪು ಹವೆ, ಹಣ್ಣು ನಿಧಾನವಾಗಿ ಮಾಗುವುದರಿಂದ ರುಚಿ ಗಾಢ. ಡಂಡಿ ಬಳಿಯ ಇನ್ವರ್‌ಗೌರಿಯ ಸಂಶೋಧನಾ ಕೇಂದ್ರದಲ್ಲಿ ಬ್ಲ್ಯಾಕ್‌ಬೆರಿಗೂ ರಾಸ್ಪ್‌ಬೆರಿಗೂ ಕೂಡಿಸಿ ಬೆಳೆಸಿದ ಟೇಬೆರಿ ಎಂಬ ಉದ್ದನೆಯ ಹಣ್ಣಿದೆ, ಸಿಕ್ಕರೆ ಬಿಡಬೇಡ. ರಾಸ್ಪ್‌ಬೆರಿ ತಂದ ದಿನ ಓಟ್ಸ್ ಹುರಿದು, ಕೆನೆ ಕಡೆದು, ಜೇನು ಬೆರೆಸಿ ಕ್ರಾನಕನ್ ಮಾಡಿಕೊಡು. ವಿಸ್ಕಿ ಹಾಕುವ ವಾಡಿಕೆಯಿದೆ, ಅದನ್ನು ಬಿಟ್ಟರೂ ಕೊರತೆಯಿಲ್ಲ. ಬೇಳೆಕಾಳು, ಓಟ್ಸ್, ಮೆಣಸು ಹಾಕಿದ ಸಸ್ಯಾಹಾರಿ ಹ್ಯಾಗಿಸ್ ಎಲ್ಲ ದೊಡ್ಡ ಅಂಗಡಿಗಳಲ್ಲೂ ಇರುತ್ತದೆ, ಹೊಸ ಆಲೂಗಡ್ಡೆಯ ಜೊತೆ ಅವರಿಗೆ ಒಗ್ಗುತ್ತದೆ. ಒಂದು ಎಚ್ಚರ: ಅಲ್ಲಿನ ಕೆಲವು ಬನ್ನು, ಬ್ಯಾನಕ್, ಓಟ್‌ಕೇಕುಗಳಿಗೆ ಪ್ರಾಣಿಯ ಕೊಬ್ಬು ಹಾಕುತ್ತಾರೆ, ಚಿಪ್ಸನ್ನು ದನದ ಕೊಬ್ಬಿನಲ್ಲಿ ಕರಿಯುವ ಅಂಗಡಿಗಳೂ ಇವೆ. ಕೇಳದೆ ಅವರ ತಟ್ಟೆಗೆ ಹಾಕಬೇಡ. ಆ ವಯಸ್ಸಿನಲ್ಲಿ ಆಮೇಲೆ ಗೊತ್ತಾದರೆ ಮನಸ್ಸು ಬಹಳ ನೋಯುತ್ತದೆ.

ಊರಿನಿಂದ ತುಪ್ಪ, ಪೇಡ ತರುವುದು ಬೇಡವೆಂದು ಅವರಿಗೆ ಇವತ್ತೇ ಫೋನ್ ಮಾಡು. ಭಾರತದಿಂದ ಹಾಲಿನ ಪದಾರ್ಥ ತರುವುದಕ್ಕೆ ಬ್ರಿಟನ್ನಿನಲ್ಲಿ ನಿಷೇಧವಿದೆ, ವಿಮಾನ ನಿಲ್ದಾಣದಲ್ಲಿ ತೆಗೆದುಕೊಂಡುಬಿಡುತ್ತಾರೆ. ಸ್ಕಾಟ್ಲೆಂಡಿನ ಬೆಣ್ಣೆ ಕಾಯಿಸಿದರೆ ಘಮಘಮ ತುಪ್ಪವಾಗುತ್ತದೆ. ನಿನ್ನ ಪಟ್ಟಿಯಲ್ಲಿ 2 ಕೆಜಿ ಅಕ್ಕಿ, ಸ್ವಲ್ಪ ತೊಗರಿಬೇಳೆ, ಸಾರಿನ ಪುಡಿ, ಹುಣಸೆ, ಸಾಸಿವೆ, ಇಂಗು, ಒಂದು ಬಾಟಲಿ ಉಪ್ಪಿನಕಾಯಿ ಇರಲಿ. ನಾಲ್ಕನೆಯ ದಿನಕ್ಕೆ ಒಂದು ಮುದ್ದೆ ಸಾರನ್ನ ಬೇಕೆನ್ನಿಸಿಯೇ ಅನ್ನಿಸುತ್ತದೆ, ಅದು ತಪ್ಪಲ್ಲ. ಅಲ್ಲಿಯ ನಲ್ಲಿ ನೀರು ಲಂಡನ್ನಿನ ಹಾಗೆ ಗಡಸಲ್ಲ, ಬೇಳೆ ಬೇಗ ಬೇಯುತ್ತದೆ, ಚಹಾವೂ ಚೆನ್ನಾಗಿ ಇಳಿಯುತ್ತದೆ. ಒಲೆ ಇಂಡಕ್ಷನ್ನೋ ಎಂದು ಮೊದಲೇ ಕೇಳು, ಆಗಿದ್ದರೆ ಅಲ್ಯೂಮಿನಿಯಂ ಕುಕ್ಕರ್ ಹೊತ್ತುಕೊಂಡು ಹೋಗಿ ಪ್ರಯೋಜನವಿಲ್ಲ. ಒಣಮೆಣಸಿನ ಒಗ್ಗರಣೆ ಹಾಕುವಾಗ ಕಿಟಕಿ ತೆರೆ. 2022ರಿಂದ ಅಲ್ಲಿನ ಮನೆಗಳಲ್ಲಿ ಹೊಗೆ ಅಲಾರಮ್ಮುಗಳನ್ನು ಒಂದಕ್ಕೊಂದು ಜೋಡಿಸಿರಲೇಬೇಕೆಂಬ ಕಾನೂನಿದೆ. ಒಂದು ಕೂಗಿದರೆ ಮನೆಯಲ್ಲಿರುವ ಎಲ್ಲವೂ ಕೂಗಿ ಮಗು ಎದ್ದು ಅಳುತ್ತದೆ.

ಬೆಚ್ಚನೆಯ ಬಟ್ಟೆ ಎಲ್ಲರಿಗೂ ಇಟ್ಟುಕೋ. ಪೂರ್ವ ಕರಾವಳಿಯಲ್ಲಿ ಬಿಸಿಲಿನ ದಿನವೂ ಕಡಲಿನಿಂದ ಹಾರ್ ಎಂಬ ಮಂಜು ಎದ್ದು ಬಂದು ಎರಡು ಮಾರು ದೂರದ್ದು ಕಾಣದಂತೆ ಮಾಡುತ್ತದೆ.

ಕೀಲಿ ಕೈಗೆ ಬಂದ ರಾತ್ರಿ ಒಲೆ ಹಚ್ಚಲೇಬೇಡ. ಮರುದಿನದಿಂದ ದಿನಕ್ಕೊಬ್ಬರ ಪಾಳಿ. ನಿನ್ನ ಗಂಡನಿಗೆ ಎರಡು ದಿನ, ದೊಡ್ಡವನಿಗೆ ಹನ್ನೆರಡು ತುಂಬಿತು, ಮೊಟ್ಟೆ ಬೇಯಿಸಿ ಬ್ರೆಡ್ ಸುಡುವಷ್ಟು ಅವನಿಗೂ ಬರುತ್ತದೆ. ಅತ್ತೆ ಅಡುಗೆಗೆ ನಿಲ್ಲಲು ಬಂದರೆ ಕೈ ಹಿಡಿದು ಹೊರಗೆ ಕರೆದುಕೊಂಡು ಹೋಗು, ಅವರೂ ಐವತ್ತು ವರ್ಷ ಒಲೆಯ ಮುಂದೆ ಕಳೆದವರು. ಪಿಟನ್‌ವೀಮಿನ ಬಂದರಿನ ಕಟ್ಟೆಯ ಮೇಲೆ ಕೂರಿಸಿ ಒಂದು ಐಸ್‌ಕ್ರೀಮ್ ಕೊಡಿಸು. ಊಟದ ಪಾತ್ರೆ ಸಿಂಕಿನಲ್ಲೇ ಇರಲಿ. ಆ ವಾರ ಅಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ.

ನಿನ್ನ
ದೊಡ್ಡಮ್ಮ