ಗಿಣಿಯ ಚುಂಚು ಕತ್ತರಿಸಲೇ?

*ನಮ್ಮದು ಯಾದಗಿರಿ ಹತ್ತಿರದ ಮುದನಾಳ. ಆರು ವರ್ಷದ ಹಿಂದೆ ನಮ್ಮ ಮಾವನವರು ಸಜ್ಜೆ ಹೊಲದಾಗ ಬಿದ್ದಿದ್ದ ಗಿಣಿ ಮರಿಯನ್ನ ತಂದು ಸಾಕಿದರು. ಮೈಲಾಪುರ ಜಾತ್ರ್ಯಾಗ ಪಂಜರ ತಂದರು. ಹೋದ ವರ್ಷ ಮಾವ ತೀರಿಕೊಂಡರು. ಈಗ ಅತ್ತೆಯವರು ಮಾತಾಡೋದೆಲ್ಲ ಅದರ ಜೋಡಿನೇ. ಮಾವ ಕೊಡುತ್ತಿದ್ದಂಗ ಶೇಂಗಾ, ಸೂರ್ಯಕಾಂತಿ ಬೀಜ, ಮುಂಜಾನೆ ಚಹಾದಾಗ ಅದ್ದಿದ ಬಿಸ್ಕೀಟು ಕೊಡತಾರ. ಎರಡು ತಿಂಗಳಿಂದ ಮೇಲಿನ ಚುಂಚು ಉದ್ದಾಗಿ ಒಳಗ ಬಾಗಿದೆ. ಶೇಂಗಾ ಒಡೆಯಾಕ ಆಗದೆ ಕೆಡವತದ. ಕೆಳಗಿನ ಚುಂಚು ಕರ್ರಗದ, ಅದು ಕೊಳೆತದ ಅಂತಾನ ಮಗ. ನೇಲ್ ಕಟರಿನಿಂದ ಕತ್ತರಿಸಿ ಬಿಡೋಣ ಅಂತಾನ ಮೈದುನ. ದವಾಖಾನಿಗೆ ಒಯ್ದರ ಫಾರೆಸ್ಟಿನವರು ಹಿಡಕೊಂಡು ಹೋಗತಾರ ಅಂತ ಮಂದಿ ಅಂಜಸ್ತಾರ. ಏನು ಮಾಡಲಿ?*
— ಹೆಸರು ಬೇಡ, ಮುದನಾಳ

ಮೊದಲು ಮೈದುನನ ಕೈಯಿಂದ ಆ ನೇಲ್ ಕಟರ್ ಇಸಿದುಕೊಳ್ಳಿ ತಂಗಿ. ಉಳಿದ ಮಾತು ಆಮೇಲೆ.

ಕೊಕ್ಕು ನೋಡಲು ಉಗುರಿನಂತಿದೆ, ಬೆಳೆಯುವುದೂ ಉಗುರಿನಂತೆಯೇ. ಆದರೆ ಆ ಗಟ್ಟಿ ಹೊದಿಕೆಯ ಕೆಳಗೆ ಎಲುಬಿದೆ. ಎರಡರ ನಡುವೆ ರಕ್ತನಾಳವಿದೆ, ನರವಿದೆ. ತುದಿಯಲ್ಲಂತೂ ಸ್ಪರ್ಶಜ್ಞಾನ ಇನ್ನೂ ಸೂಕ್ಷ್ಮ. ಉದ್ದ ಬೆಳೆದ ಕೊಕ್ಕಿನಲ್ಲಿ ಜೀವಂತ ಭಾಗ ಎಲ್ಲಿಗೆ ಮುಗಿಯುತ್ತದೆ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ. ಕಟರ್ ಒತ್ತಿದರೆ ಕೊಕ್ಕು ಉದ್ದಕ್ಕೆ ಸೀಳಬಹುದು, ರಕ್ತ ನಿಲ್ಲದೆ ಸುರಿಯಬಹುದು. ನೂರಿಪ್ಪತ್ತು ಗ್ರಾಂ ತೂಗುವ ಗಿಣಿಯ ಮೈಯಲ್ಲಿ ಇರುವ ರಕ್ತವೆಲ್ಲ ಸೇರಿದರೆ ಎರಡು ಚಹಾ ಚಮಚದಷ್ಟು. ಇನ್ನೊಂದು ಅಪಾಯ ಹಿಡಿಯುವ ಕೈಯಲ್ಲೇ ಇದೆ. ಹಕ್ಕಿಗೆ ನಮ್ಮ ಹಾಗೆ ವಪೆ ಇಲ್ಲ. ಎದೆಗೂಡು ಹಿಂದೆ ಮುಂದೆ ಆಡಿದರಷ್ಟೇ ಅದಕ್ಕೆ ಉಸಿರು. ಒದ್ದಾಡುತ್ತದೆ ಎಂದು ಎದೆ ಅದುಮಿ ಹಿಡಿದರೆ ಕೈಯಲ್ಲೇ ಪ್ರಾಣ ಹೋದೀತು. ಹಕ್ಕಿ ಬಲ್ಲ ಡಾಕ್ಟರು ಕೊಕ್ಕನ್ನು ಕತ್ತರಿಸುವುದಿಲ್ಲ, ಸಣ್ಣ ಗ್ರೈಂಡರಿನಿಂದ ಸ್ವಲ್ಪ ಸ್ವಲ್ಪವೇ ಉಜ್ಜುತ್ತಾರೆ. ಅದಕ್ಕೂ ಮೊದಲು, ಅದು ಯಾಕೆ ಬೆಳೆಯಿತು ಎಂದು ನೋಡುತ್ತಾರೆ.

ಮಗನಿಗೆ ಹೇಳಿ, ಕೆಳಗಿನ ಕೊಕ್ಕು ಕೊಳೆತಿಲ್ಲ. ನಮ್ಮ ಸೀಮೆಯ ಹಸಿರು ಗಿಣಿಗೆ ಮೇಲಿನದು ಹವಳಗೆಂಪು, ಕೆಳಗಿನದು ಕಪ್ಪು. ಊರ ಬೇವಿನ ಮರಕ್ಕೆ ಹಣ್ಣು ತಿನ್ನಲು ಬರುವ ಗಿಣಿಗಳನ್ನು ಅವನೇ ನೋಡಲಿ. ಸಂಜೆ ಕಣ್ಣು ಮುಚ್ಚಿ ಕೊಕ್ಕನ್ನು ಕಿರಕಿರ ಮಸೆಯುವುದೂ ರೋಗವಲ್ಲ, ಅದು ನಿದ್ದೆಗೆ ಮುಂಚಿನ ನೆಮ್ಮದಿ. ಅಲ್ಲಲ್ಲಿ ತೆಳು ಸಿಪ್ಪೆ ಏಳುವುದೂ ಸಹಜ.

ನೋಡಬೇಕಾದದ್ದು ಮೇಲಿನ ಕೊಕ್ಕನ್ನು. ಬೆಳಗಿನ ಬಿಸಿಲಲ್ಲಿ ಪಂಜರ ಇಟ್ಟು ಪಕ್ಕದಿಂದ ಒಂದು ಫೋಟೋ ತೆಗೆಯಿರಿ, ಎದುರಿನಿಂದ ಒಂದು. ಕೆಂಪಿನ ಒಳಗೆ ರಕ್ತ ಹೆಪ್ಪುಗಟ್ಟಿದಂಥ ಕಂದು ಗೆರೆಗಳಿವೆಯೇ? ಕೊಕ್ಕು ಒಂದು ಮಗ್ಗುಲಿಗೆ ವಾಲಿದೆಯೇ? ಬುಡದಲ್ಲಿ, ಮೂಗಿನ ಹೊಳ್ಳೆಯ ಸುತ್ತ ಜೇನುಹುಟ್ಟಿನ ಹಾಗೆ ತೂತು ತೂತಾದ ಬಿಳಿ ಹಕ್ಕಳೆ ಇದೆಯೇ? ಹಕ್ಕಳೆ ಇದ್ದರೆ ಅದು ನುಸಿಯ ಕೆಲಸ. ಜಾತ್ರೆಗಳಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವ ಪುಟ್ಟ ಬಜರಿಗರ್ ಹಕ್ಕಿಗಳಲ್ಲಿ ಅದು ಹೆಚ್ಚು, ನಿಮ್ಮ ಗಿಣಿಯಲ್ಲಿ ಅಪರೂಪ. ಕೊಕ್ಕಿನ ಜೊತೆ ಪುಕ್ಕವೂ ಸೊಟ್ಟಗೆ ಹುಟ್ಟಿ ಉದುರುತ್ತಿದ್ದರೆ ವೈರಸ್ಸಿನ ಅನುಮಾನ ಪಡಬೇಕು. ಇವೆರಡೂ ಇಲ್ಲದೆ ಕೊಕ್ಕು ಸುಮ್ಮನೆ ಬೆಳೆಯುತ್ತಿದೆ, ಒಳಗೆ ಕಂದು ಗೆರೆಗಳೂ ಕಾಣುತ್ತಿವೆ ಎಂದಾದರೆ ಡಾಕ್ಟರು ಮೊದಲು ಕೇಳುವುದು ಯಕೃತ್ತಿನ ಬಗ್ಗೆ.

ಪತ್ರ ಓದಿ ರೋಗ ಹೇಳುವವಳು ನಾನಲ್ಲ. ಆದರೆ ನಿಮ್ಮ ಗಿಣಿಯ ತಟ್ಟೆಯ ಬಗ್ಗೆ ನೀವೇ ಬರೆದಿದ್ದೀರಿ, ಅಲ್ಲಿಗೆ ಬಂದಾಗ ನಾನು ಕನ್ನಡಕ ಸರಿಮಾಡಿಕೊಂಡೆ. ಶೇಂಗಾ, ಸೂರ್ಯಕಾಂತಿ, ಬಿಸ್ಕೀಟು. ದಿನಕ್ಕೆ ಹತ್ತಾರು ಮೈಲು ಹಾರುವ ಹಕ್ಕಿಗಾದರೆ ಎಣ್ಣೆಕಾಳು ಒಂದಿಷ್ಟು ದಕ್ಕೀತು. ಆರು ವರ್ಷ ಒಂದೇ ಸಲಾಕೆಯ ಮೇಲೆ ಕೂತ ಹಕ್ಕಿಗೆ ಆ ಕೊಬ್ಬೆಲ್ಲ ಯಕೃತ್ತಿನಲ್ಲಿ ಕೂರುತ್ತದೆ. ಯಕೃತ್ತು ಕೆಟ್ಟರೆ ಕೊಕ್ಕು ಅಡ್ಡಾದಿಡ್ಡಿ ಬೆಳೆಯುತ್ತದೆ. ಈ ಕಾಳುಗಳಲ್ಲಿ ಎ ಜೀವಸತ್ವವಂತೂ ಇಲ್ಲವೆನ್ನುವಷ್ಟು ಕಡಿಮೆ. ಅದರ ಕೊರತೆಯಿಂದಲೂ ಕೊಕ್ಕು ಪದರು ಪದರಾಗಿ ಏಳುತ್ತದೆ.

ಶೇಂಗಾದಲ್ಲಿ ಇನ್ನೊಂದು ಕಂಟಕವಿದೆ, ಬೂಷ್ಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತಾ ಹೋದರೆ ಸಿಕ್ಕಿದ್ದು ಬ್ರೆಜಿಲ್‌ನಿಂದ ತರಿಸಿದ್ದ ಶೇಂಗಾ ಹಿಂಡಿ. ಅದರ ಬೂಷ್ಟಿನ ವಿಷಕ್ಕೇ ಮುಂದೆ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂತು, ಅದು ಹೊಡೆಯುವುದು ನೇರವಾಗಿ ಯಕೃತ್ತನ್ನು. ನಮ್ಮ ಕಡೆ ಒಳ್ಳೆಯ ಕಾಳನ್ನು ಮಾರಿ, ಮುಗ್ಗಿದ್ದು, ಸುರುಟಿದ್ದು ಮನೆಯ ಕೋಳಿಗೂ ಗಿಣಿಗೂ ಹಾಕುವ ರೂಢಿ ಇದೆ. ನಿಮ್ಮ ಮನೆಯಲ್ಲಿ ಹಾಗಿಲ್ಲದಿರಬಹುದು, ಆದರೂ ಚೀಲದ ತಳಕ್ಕೆ ಒಮ್ಮೆ ಕೈ ಹಾಕಿ ನೋಡಿ.

ಬದಲಿಗೆ ಏನು? ನವಣೆ, ಸಜ್ಜೆ, ಜೋಳ ನಿಮ್ಮ ಸುತ್ತಲೇ ಬೆಳೆಯುತ್ತವೆ. ಸೀತನಿ ಕಾಲದಲ್ಲಿ ಎಳೆ ತೆನೆಯನ್ನೇ ಪಂಜರಕ್ಕೆ ಸಿಗಿಸಬಹುದು. ಗಜ್ಜರಿ, ಕುಂಬಳಕಾಯಿ, ನುಗ್ಗೆಸೊಪ್ಪು, ಪಪ್ಪಾಯಿ ಇವುಗಳಿಂದ ಎ ಜೀವಸತ್ವ ಸಿಗುತ್ತದೆ. ಕೆಂಪು ಹಸಿಮೆಣಸಿನಕಾಯಿಯಿಂದಲೂ. ಮೆಣಸಿನಕಾಯಿ ತಿಂದರೆ ಗಿಣಿ ಚೆನ್ನಾಗಿ ಮಾತಾಡುತ್ತದೆ ಎಂದು ಹಿರಿಯರು ಕೊಡುತ್ತಿದ್ದರಲ್ಲ, ಮಾತಿನ ವಿಷಯ ಸುಳ್ಳು, ಮೆಣಸಿನಕಾಯಿ ಮಾತ್ರ ಒಳ್ಳೆಯದೇ! ಹಕ್ಕಿಗಳಿಗೆ ಖಾರ ಹತ್ತುವುದೇ ಇಲ್ಲ. ಕಡಿಯಲು ಬೇವಿನ ಕೊಂಬೆ, ಪೇರಲ ಕೊಂಬೆ ಇಡಿ. ಕೊಕ್ಕು ಸವೆಯುವುದು ಅದರಿಂದ. ಚಹಾ, ಬಿಸ್ಕೀಟು ಇವತ್ತೇ ನಿಲ್ಲಲಿ. ಕಾಳನ್ನು ಮಾತ್ರ ಒಂದೇ ದಿನಕ್ಕೆ ಬದಲಿಸಬೇಡಿ. ಹೊಸದನ್ನು ಗಿಣಿ ಉಣಿಸೆಂದೇ ಗುರುತಿಸದೆ ಉಪವಾಸ ಕೂತೀತು. ಸದ್ಯ ಒಡೆಯಲು ಕಷ್ಟಪಡುತ್ತಿರುವುದರಿಂದ ಮೆತ್ತಗೆ ಬೇಯಿಸಿದ ಉಪ್ಪಿಲ್ಲದ ನವಣೆ ಅನ್ನ, ತುರಿದ ಗಜ್ಜರಿ ಇಟ್ಟು ನೋಡಿ.

ಇನ್ನು ಅತ್ತೆಯವರ ವಿಷಯ. ‘ನಿಮ್ಮ ಶೇಂಗಾದಿಂದಲೇ ಹೀಗಾಯಿತು’ ಎಂಬ ಮಾತು ಬಾಯಿಂದ ಬರಬಾರದು. ಅವರು ಕೊಡುತ್ತಿರುವುದು ಗಂಡ ಕೊಡುತ್ತಿದ್ದದ್ದನ್ನು, ಆ ಹೊತ್ತಿಗೆ ಸರಿಯಾಗಿ, ಅದೇ ಕೈಯಳತೆಯಲ್ಲಿ. ಆ ಹೊತ್ತನ್ನು ಅವರಿಂದ ಕಸಿಯಬೇಡಿ, ಬಟ್ಟಲಲ್ಲಿ ಇರುವುದನ್ನಷ್ಟೇ ಬದಲಿಸಿ. ಒಂದು ಕೆಲಸವನ್ನೂ ಅವರಿಗೇ ಒಪ್ಪಿಸಿ: ವಾರಕ್ಕೆರಡು ಸಲ ಮುಂಜಾನೆ, ಇನ್ನೂ ಉಣಿಸು ಕೊಡುವ ಮೊದಲು, ಡಿಜಿಟಲ್ ತಕ್ಕಡಿಯಲ್ಲಿ ಗಿಣಿಯ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಸುವುದು. ಹಕ್ಕಿಗಳು ರೋಗ ಮುಚ್ಚಿಡುತ್ತವೆ, ತಕ್ಕಡಿಯ ಮುಂದೆ ಮುಚ್ಚಿಡಲಾಗದು. ನೂರಿಪ್ಪತ್ತು ಇದ್ದದ್ದು ನೂರೆಂಟಕ್ಕೆ ಇಳಿದರೆ ಕಾಯಬೇಡಿ. ಪುಕ್ಕ ಉಬ್ಬಿಸಿ ಪಂಜರದ ತಳದಲ್ಲಿ ಕೂತರೆ, ಉಸಿರಾಡುವಾಗ ಬಾಲ ಮೇಲೆ ಕೆಳಗೆ ಆಡಿದರೆ, ಒಂದಿಡೀ ದಿನ ಏನೂ ತಿನ್ನದಿದ್ದರೆ ಅವತ್ತೇ ಹೊರಡಿ. ಕೊಕ್ಕಿನ ತುದಿ ಮುರಿದು ರಕ್ತ ಬಂದರೆ ಚಿಟಿಕೆ ಮೈದಾ ಒತ್ತಿ ಹಿಡಿದು ಹೊರಡಿ.

ಈಗ ಅಂಜಿಕೆಯ ಮಾತು. ಮಂದಿ ಹೇಳಿದ್ದು ಪೂರ್ತಿ ಸುಳ್ಳಲ್ಲ. ಬಜರಿಗರ್, ಕಾಕಟೀಲ್ ಆಸ್ಟ್ರೇಲಿಯಾ ಮೂಲದವು, ಅವನ್ನು ಸಾಕಬಹುದು. ಹಸಿರು ಗಿಣಿ ನಮ್ಮ ಕಾಡುಹಕ್ಕಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದನ್ನು ಹಿಡಿಯುವುದೂ ಸಾಕುವುದೂ ತಪ್ಪು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ ಅದು ನಾಲ್ಕನೇ ಪಟ್ಟಿಯಿಂದ ಎರಡನೇ ಪಟ್ಟಿಗೆ ಏರಿದೆ. ಕರುಣೆಯಿಂದ ಎತ್ತಿ ತಂದದ್ದು ಎಂದರೂ ಕಾನೂನು ಬೇರೆಯಾಗುವುದಿಲ್ಲ. ಹಾಗೆಂದು ಹೆದರಿ ಒಂದು ಬೆಳಿಗ್ಗೆ ಪಂಜರದ ಬಾಗಿಲು ತೆರೆದುಬಿಡಬೇಡಿ. ಈ ಕೊಕ್ಕು ಇಟ್ಟುಕೊಂಡು ಅದು ಹೊರಗೆ ನಾಲ್ಕು ದಿನ ಬದುಕದು. ಚಿಕಿತ್ಸೆ ಮೊದಲು ಆಗಲಿ. ಅದರ ಬೆನ್ನಿಗೇ ವಲಯ ಅರಣ್ಯಾಧಿಕಾರಿಯ ಕಚೇರಿಗೆ ನೀವೇ ಹೋಗಿ, ಮರಿ ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು ಎಂದು ಬರೆದುಕೊಡಿ. ತಾವಾಗಿ ಬಂದವರಿಗೂ ಯಾರೋ ದೂರು ಕೊಟ್ಟು ಸಿಕ್ಕವರಿಗೂ ವ್ಯತ್ಯಾಸವಿದೆ ಎಂದು ನಾನು ನಂಬಿದ್ದೇನೆ. ಹಕ್ಕಿಯನ್ನು ಅವರು ತೆಗೆದುಕೊಳ್ಳಲೂಬಹುದು. ಅದನ್ನು ಅತ್ತೆಗೆ ಮೊದಲೇ ಹೇಳಿ. ಅಧಿಕಾರಿಯ ಬಾಯಿಂದ ಅವರು ಅದನ್ನು ಮೊದಲ ಸಲ ಕೇಳುವಂತಾಗಬಾರದು.

ದನ, ಎಮ್ಮೆ ನೋಡುವ ಡಾಕ್ಟರೆಲ್ಲ ಹಕ್ಕಿ ನೋಡಿ ಪಳಗಿರುವುದಿಲ್ಲ, ಅದು ಅವರ ತಪ್ಪಲ್ಲ. ಯಾದಗಿರಿಯ ಪಶು ಆಸ್ಪತ್ರೆಯಲ್ಲಿ ಫೋಟೋ ತೋರಿಸಿ ಕೇಳಿ. ಆಗದೆಂದರೆ ಬೀದರಿನ ಪಶುವೈದ್ಯಕೀಯ ಕಾಲೇಜು ಇದೆ. ಕಲಬುರಗಿಯಲ್ಲಿ ರೈಲು ಬದಲಿಸಿ ಹೋಗಬಹುದು. ಬಿಸಿಲೇರುವ ಮೊದಲು ಹೊರಡಿ, ಪಂಜರದ ಮೂರು ಮಗ್ಗುಲಿಗೆ ತೆಳ್ಳನೆ ಬಟ್ಟೆ ಹೊದಿಸಿ. ಅವತ್ತಿನ ಹಿಕ್ಕೆ ಬಿದ್ದ ಕಾಗದವನ್ನು ಮಡಚಿ ಜೊತೆಗೆ ಒಯ್ಯಿರಿ, ತಿನ್ನಿಸುವ ಕಾಳನ್ನೂ ಒಂದು ಹಿಡಿ. ಅತ್ತೆಯವರನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ಆರು ವರ್ಷದಿಂದ ಇದಕ್ಕೆ ಏನೇನು ತಿನ್ನಿಸಿದಿರಿ ಎಂದು ಡಾಕ್ಟರು ಕೇಳಿಯೇ ಕೇಳುತ್ತಾರೆ, ಅದು ಗೊತ್ತಿರುವುದು ಅವರೊಬ್ಬರಿಗೇ.