ಅಷ್ಟು ಹೇಳಿದರೆ ಸಾಕು, ಪುಟ್ಟಾ

ಪುಟ್ಟಾ,

ದೀಪಾವಳಿಗೆ ಬಂದಾಗ ಹಿತ್ತಲ ಕಟ್ಟೆಯ ಮೇಲೆ ಕೂತು ನೀನು ಹೇಳಿದ ಮಾತು ನನ್ನಲ್ಲೇ ಇದೆ. ನಿನ್ನ ಅಮ್ಮನಿಗೂ ಹೇಳಿಲ್ಲ. ಈ ಕಾಗದವನ್ನೂ ಓದಿದ ಮೇಲೆ ಬೇಕಿದ್ದರೆ ಒಲೆಗೆ ಹಾಕು, ನನಗೆ ಬೇಸರವಿಲ್ಲ. ಹುಡುಗರ ಮೇಲೇ ಮನಸ್ಸಾಗುವುದು ರೋಗವಲ್ಲ ಕಂದಾ, ಪಾಪವೂ ಅಲ್ಲ. ವಯಸ್ಕರು ಒಪ್ಪಿ ಕೂಡಿದರೆ ಅದು ಅಪರಾಧವಲ್ಲವೆಂದು ಸುಪ್ರೀಂ ಕೋರ್ಟೇ 2018ರ ಸೆಪ್ಟೆಂಬರ್ 6ರಂದು ತೀರ್ಪು ಕೊಟ್ಟಿದೆ. ನಿನ್ನ ಆ ಮಾತಿನಿಂದ ನನಗೆ ಚಿಂತೆಯಾಗಲಿಲ್ಲ. ಶಾಲೆಯಲ್ಲಿ ನಿನ್ನ ನಡಿಗೆಯನ್ನು ಅಣಕಿಸುತ್ತಾರೆ, ಚಿತ್ರದ ಪುಸ್ತಕ ಕಿತ್ತು ಹರಿಯುತ್ತಾರೆ ಎಂದೆಯಲ್ಲ, ಅಂದಿನಿಂದ ನಿದ್ದೆ ಸರಿಯಾಗಿ ಹತ್ತುತ್ತಿಲ್ಲ.

ಅಕ್ಷರ ಕಲಿಯುವ ಮೊದಲೇ ನೀನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಚಿತ್ರ ಬರೆಯುತ್ತಿದ್ದವನು. ಒಂದು ಕೊಯ್ಲಿನಲ್ಲಿ ಅಡಿಕೆ ಸುಲಿಯುವವರ ಬರೀ ಕೈಗಳನ್ನು ಬರೆದಿದ್ದೆ. ಮುಖವಿಲ್ಲದಿದ್ದರೂ ಯಾವ ಕೈ ಯಾರದೆಂದು ಅಜ್ಜ ಒಂದೊಂದನ್ನೂ ಗುರುತು ಹಿಡಿದಿದ್ದರು.

ಬರೋಡಾದಲ್ಲಿದ್ದ ಭೂಪೇನ್ ಖಕ್ಕರ್ ಎಂಬ ಕಲಾವಿದರ ಬಗ್ಗೆ ನಿನಗೆ ಹೇಳಬೇಕು. ಓದಿದ್ದು ಚಾರ್ಟರ್ಡ್ ಅಕೌಂಟೆನ್ಸಿ. ಲೆಕ್ಕ ಬರೆಯುತ್ತಲೇ ಚಿತ್ರವನ್ನೂ ಬರೆದರು. ತಾವು ಗಂಡಸರನ್ನು ಪ್ರೀತಿಸುವವರು ಎಂಬುದನ್ನು ಬಹುಕಾಲ ಒಳಗೇ ಇಟ್ಟುಕೊಂಡಿದ್ದು, ನಲವತ್ತು ದಾಟಿದ ಮೇಲೆ ಕ್ಯಾನ್ವಾಸಿನಲ್ಲಿ ಬಹಿರಂಗ ಮಾಡಿದರು. 1981ರ ‘ಯು ಕಾಂಟ್ ಪ್ಲೀಸ್ ಆಲ್’ ಚಿತ್ರದಲ್ಲಿ ಬತ್ತಲೆ ಗಂಡಸೊಬ್ಬ ಮಾಳಿಗೆಯಿಂದ ಬೀದಿ ನೋಡುತ್ತಿದ್ದಾನೆ. ಕೆಳಗೆ, ಊರವರ ಮಾತು ಕೇಳಿ ಕೇಳಿ ಪಾಡುಪಟ್ಟ ಅಪ್ಪ, ಮಗ ಮತ್ತು ಕತ್ತೆ. ನಿನಗೆ ಊಟ ಮಾಡಿಸುವಾಗ ನಾನು ಹೇಳುತ್ತಿದ್ದ ಕಥೆಯೇ! ಆ ಚಿತ್ರ ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಖಕ್ಕರ್ ಹೇಳಿದ್ದು ತಮಗೆ ಸರಿ ಕಂಡ ಹೊತ್ತಿಗೆ. ನೀನೂ ಅವಸರ ಮಾಡಬೇಕಿಲ್ಲ.

ಆದರೆ ಶಾಲೆಯಲ್ಲಿ ಆಗುತ್ತಿರುವ ಹಿಂಸೆಯನ್ನು ಮಾತ್ರ ಮುಚ್ಚಿಡಬೇಡ. ದೂರು ಕೊಟ್ಟರೆ ‘ನಿನ್ನನ್ನೇ ಯಾಕೆ ಅಣಕಿಸುತ್ತಾರೆ?’ ಎಂದು ಕೇಳಿಬಿಟ್ಟರೆ ಎಂಬ ಅಂಜಿಕೆ ತಾನೇ ನಿನ್ನನ್ನು ತಡೆದಿರುವುದು? ಆ ಪ್ರಶ್ನೆಗೆ ನೀನು ಉತ್ತರ ಕೊಡಬೇಕಾಗಿಲ್ಲ. ‘ಇಂಥ ದಿನ ಇಂಥವರು ನನ್ನ ಪುಸ್ತಕ ಹರಿದರು, ದಾರಿಗೆ ಅಡ್ಡ ನಿಂತು ನೂಕಿದರು’. ಅಷ್ಟು ಹೇಳಿದರೆ ಸಾಕು. ತಪ್ಪು ಮಾಡಿದವರು ಅವರು. ಉತ್ತರ ಕೊಡಬೇಕಾದವರೂ ಅವರೇ. ದಿನ, ಜಾಗ, ನೋಡಿದವರ ಹೆಸರು ಬರೆದಿಡು. ಹರಿದ ಹಾಳೆಗಳನ್ನು ಎಸೆಯಬೇಡ.

ನಿನ್ನ ಡ್ರಾಯಿಂಗ್ ಮೇಷ್ಟ್ರಿಗೆ ನಿನ್ನ ಮೇಲೆ ಅಕ್ಕರೆಯಿದೆ, ಮೊದಲು ಅವರಿಗೆ ಹೇಳು. ಅದರಿಂದಾಗದಿದ್ದರೆ ನಾನೇ ಬಂದು ಹೆಡ್‌ಮಾಸ್ಟರ ಮುಂದೆ ಕೂರುತ್ತೇನೆ. ನಿನ್ನ ಗುಟ್ಟು ನನ್ನ ಬಾಯಿಂದ ಬರುವುದಿಲ್ಲ. ರಾತ್ರಿ ಮನಸ್ಸು ತೀರಾ ಕುಗ್ಗಿದರೆ ಎಷ್ಟು ಹೊತ್ತಾದರೂ ನನ್ನನ್ನು ಎಬ್ಬಿಸು. 1098 ಮಕ್ಕಳ ಸಹಾಯವಾಣಿ. ಹಗಲೂ ರಾತ್ರಿಯೂ ಇರುತ್ತದೆ, ದುಡ್ಡು ಬೀಳುವುದಿಲ್ಲ.

ಸೋಮವಾರ ಮೇಷ್ಟ್ರ ಹತ್ತಿರ ಹೋಗು, ಮಗನೇ. ಹೋಗಿ ಬಂದ ಕೂಡಲೇ ನನಗೆ ತಿಳಿಸು.

ಇತಿ,
ನಿನ್ನ ದೊಡ್ಡಮ್ಮ