ಎತ್ತಿನ ಕೊರಳಿಗೊಂದು ಕೆತ್ತನೆಯ ತೊಗಲಪಟ್ಟಿ

ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆಯ ದನಗಳ ಜಾತ್ರೆಗೆ ಹೊರಡುವ ಹಳ್ಳಿಕಾರ್ ಜೋಡಿಗಳನ್ನು ನೋಡಿ. ಮೈ ಮಿರುಗುತ್ತಿರುತ್ತದೆ, ಕೊಂಬಿಗೆ ಹಿತ್ತಾಳೆಯ ಕೊಂಬಣಸು ಏರಿರುತ್ತದೆ. ಕೊರಳಿಗೆ ಮಾತ್ರ ಹೆಚ್ಚಿನವಕ್ಕೆ ಅಂಗಡಿಯಿಂದ ತಂದ ನೈಲಾನ್ ಪಟ್ಟಿ, ಅದರ ಮೇಲೆ ಪ್ಲಾಸ್ಟಿಕ್ ಹೂವು. ಬೆವರು ಕೂತಲ್ಲಿ ನೈಲಾನ್ ಅಂಚು ಉಜ್ಜಿ ಉಜ್ಜಿ ಕೂದಲು ಉದುರಿರುವುದು ಹತ್ತಿರ ಹೋದರೆ ಕಾಣುತ್ತದೆ. ಅದರ ಬದಲು ಬಳ್ಳಿ ಕೆತ್ತಿದ, ಹೆಣೆದ ಬಾರಿನ ಗೆಜ್ಜೆ ಕಟ್ಟಿದ ತೊಗಲಪಟ್ಟಿಯೊಂದನ್ನು ಮನೆಯಲ್ಲೇ ಮಾಡಬಹುದು. ನೊಣವಿನಕೆರೆ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಬೇಕಾದ ಸಾಮಾನಿನಲ್ಲಿ ತೊಗಲೊಂದನ್ನು ಬಿಟ್ಟರೆ ಉಳಿದದ್ದು ಬಹುಪಾಲು ಹಿತ್ತಲಲ್ಲೇ ಇದೆ.

ಕುದುರೆಯ ಹಣೆಪಟ್ಟಿ, ಎದೆಪಟ್ಟಿಗೂ ಕೆಲಸ ಇದೇ. ಹೆಸರಾಂತ ಕುಣಿಗಲ್ ಕುದುರೆ ಫಾರಂ ನಮ್ಮ ತುಮಕೂರು ಜಿಲ್ಲೆಯಲ್ಲೇ ಇದೆ, ನಿಜ. ಆದರೆ ತಿಪಟೂರಿನ ಪಕ್ಕದ ಕೊನೇಹಳ್ಳಿಯಲ್ಲಿ ಅಮೃತಮಹಲ್ ತಳಿಯ ಕೇಂದ್ರವಿರುವ ಸೀಮೆ ಇದು. ನಮಗೆ ಕುದುರೆಗಿಂತ ಎತ್ತೇ ಹತ್ತಿರ, ಅದಕ್ಕೇ ಎತ್ತಿನಿಂದ ಶುರುಮಾಡೋಣ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಬಾವಿಗೆ ಪಂಪು ಬರುವ ತನಕ ಕಪಿಲೆಯ ಚೀಲ, ಮಿಣಿ, ಬಾರುಕೋಲು, ಮೆಟ್ಟು ಎಲ್ಲವೂ ತೊಗಲಿನವೇ. ಆ ಕೆಲಸ ಬಲ್ಲವರನ್ನು ಊರಾಚೆ ಇಟ್ಟು, ಅವರು ಮಾಡಿಕೊಟ್ಟ ಮಿಣಿಯಲ್ಲೇ ನೀರು ಸೇದಿದ ಊರುಗಳು ನಮ್ಮವು. ಅದನ್ನೇ ಈಗ ‘ಹವ್ಯಾಸ’ ಎಂದು ಕರೆಯುವಾಗ ತುಸು ಸಂಕೋಚವಾದರೂ ಇರಲಿ. ನಿಮ್ಮ ಪೇಟೆಯಲ್ಲಿ ಮೆಟ್ಟು ಹೊಲಿಯುವವರ ಪಕ್ಕ ನಾಲ್ಕು ದಿನ ಕೂತು, ಅವರ ಹೊತ್ತಿಗೆ ದುಡ್ಡು ಕೊಟ್ಟು, ರಂಪಿಗೆ ಹಿಡಿಯುವುದನ್ನೂ ಹೊಲಿಗೆ ಬಿಗಿಯುವುದನ್ನೂ ಕಲಿಯಿರಿ. ಕೈಗೆ ಎಷ್ಟು ಬಲ ಬೇಕು ಎಂಬುದು ವಿಡಿಯೋ ನೋಡಿದರೆ ತಿಳಿಯುವುದಿಲ್ಲ.

ತೊಗಲು ಆರಿಸುವುದು

ಅರ್ಧ ಕೆಲಸ ಇಲ್ಲೇ ಇದೆ. ಪೇಟೆಯಲ್ಲಿ ಸಿಗುವ ಹೆಚ್ಚಿನ ತೊಗಲು ಕ್ರೋಮಿಯಂ ಉಪ್ಪಿನಲ್ಲಿ ಹದಮಾಡಿದ್ದು. ಬ್ಯಾಗಿಗೆ, ಬೂಟಿಗೆ ಒಳ್ಳೆಯದು, ಆದರೆ ಅದರ ಮೇಲೆ ಕೆತ್ತನೆ ನಿಲ್ಲುವುದಿಲ್ಲ. ಒತ್ತಿದ ಗುರುತು ಮತ್ತೆ ಉಬ್ಬಿಬಿಡುತ್ತದೆ. ನಮಗೆ ಬೇಕಾದದ್ದು ತೊಗಟೆಯಲ್ಲಿ ಹದಮಾಡಿದ ತೊಗಲು. ದಕ್ಷಿಣದಲ್ಲಿ ಇದಕ್ಕೆ ಹಿಂದಿನಿಂದಲೂ ತಂಗಡಿ ತೊಗಟೆ, ಜಾಲಿ ತೊಗಟೆ, ಅಳಲೆಕಾಯಿ ಬಳಸುತ್ತ ಬಂದಿದ್ದಾರೆ. ಅವುಗಳ ಒಗರು ತೊಗಲಿನ ನಾರಿಗೆ ಹತ್ತಿಕೊಂಡಿರುವುದರಿಂದಲೇ ಒದ್ದೆಯಲ್ಲಿ ಒತ್ತಿದ ಗುರುತು ಒಣಗಿದ ಮೇಲೂ ಉಳಿಯುತ್ತದೆ.

ಅಂಗಡಿಯಲ್ಲೇ ಪರೀಕ್ಷೆ ಮಾಡಿ. ನುಣುಪು ಮಗ್ಗುಲಿಗೆ ಒಂದು ಹನಿ ನೀರು ಬಿಡಿ. ಹೀರಿಕೊಂಡು ಕಪ್ಪಾಗಬೇಕು. ಆ ಜಾಗದಲ್ಲಿ ಉಗುರು ಒತ್ತಿದರೆ ಗೀರು ಹಾಗೇ ನಿಲ್ಲಬೇಕು. ಕತ್ತರಿಸಿದ ಅಂಚು ಕಂದು ಬಣ್ಣವಿದ್ದರೆ ಸರಿ, ನೀಲಿ ಬೆರೆತ ಬೂದು ಕಂಡರೆ ಬೇಡ. ಎಮ್ಮೆ ತೊಗಲು ಗಟ್ಟಿ, ಪಟ್ಟಿಗೆ ಒಪ್ಪುತ್ತದೆ. 2020ರ ಗೋಹತ್ಯೆ ನಿಷೇಧ ಕಾಯ್ದೆ ಜಾರಿಯಲ್ಲಿರುವ ರಾಜ್ಯ ನಮ್ಮದು, ಆದ್ದರಿಂದ ಯಾವ ತೊಗಲೆಂದು ಬರೆದ ರಸೀದಿ ಕೇಳಿ ಇಟ್ಟುಕೊಳ್ಳಿ. ದಪ್ಪ 3.5ರಿಂದ 4 ಮಿಲಿಮೀಟರ್ ಇರಲಿ. ಬೆನ್ನಿನ ಭಾಗದ ಉದ್ದುದ್ದ ಪಟ್ಟಿಯನ್ನೇ ಕೇಳಿ. ಹೊಟ್ಟೆಯ ಭಾಗ ಅಗ್ಗಕ್ಕೆ ಸಿಗುತ್ತದೆ, ಆದರೆ ಎಳೆದಷ್ಟೂ ಜಗ್ಗುತ್ತದೆ. ಬೆಂಗಳೂರಿನ ಸಗಟು ಅಂಗಡಿಗಳಲ್ಲಿ ಚದರ ಅಡಿ ಲೆಕ್ಕದಲ್ಲಿ ಮಾರುತ್ತಾರೆ. ನಮಗೆ ಅಗಲಕ್ಕಿಂತ ಉದ್ದ ಮುಖ್ಯ ಎಂಬುದು ನೆನಪಿರಲಿ.

ಸಾಮಾನು

ರಂಪಿಗೆ, ತೂತು ಮಾಡುವ ಆರೆ, ಎರಡು ದಬ್ಬಳ, ಮೇಣ ಹಚ್ಚಿದ ದಾರ. ಕೆಳಗಿಟ್ಟು ಕತ್ತರಿಸಲು ಹುಣಸೆ ಕೊರಡು. ಕೆತ್ತಿದ್ದನ್ನು ಒತ್ತಲು ಅಡಿಗೆ ಗಟ್ಟಿ ಕಲ್ಲು ಬೇಕು. ಅಡುಗೆಮನೆ ಸಿಂಕ್ ಕೂರಿಸುವಾಗ ಕೊಯ್ದು ಬಿಸಾಡುವ ಗ್ರಾನೈಟ್ ತುಂಡು ಸಾಕು. ಬಡಿಯಲು ಮರದ ಕೊಡತಿ. ಕಬ್ಬಿಣದ ಸುತ್ತಿಗೆ ಬೇಡ, ಅಚ್ಚಿನ ತಲೆ ಒಡೆಯುತ್ತದೆ.

ಅಚ್ಚುಗಳನ್ನು ಕೊಳ್ಳುವ ಅವಸರ ಬೇಡ. ನಾಲ್ಕಂಗುಲದ ಮೊಳೆಗಳ ಮೊನೆ ಕತ್ತರಿಸಿ ಅರದಿಂದ ಉಜ್ಜಿಕೊಂಡರೆ ಮೂರು ಅಚ್ಚು ತಯಾರು: ಒಂದು ಓರೆ ಮುಖದ್ದು, ಇನ್ನೊಂದು ದುಂಡನೆಯದು, ಮತ್ತೊಂದು ಮುಖದ ಮೇಲೆ ಅಡ್ಡಡ್ಡ ಗೀರು ಹಾಕಿದ್ದು. ಉಜ್ಜಿದ ಮುಖವನ್ನು ಸಣ್ಣ ಮರಳುಕಾಗದದಲ್ಲಿ ಕನ್ನಡಿಯಾಗುವಷ್ಟು ನುಣುಪು ಮಾಡಿ. ತೊಗಟೆ ಹದದ ಒದ್ದೆ ತೊಗಲಿಗೆ ಕಬ್ಬಿಣ ತಾಗಿ ಕೂತರೆ ಕರೀ ಕಲೆಯಾಗುತ್ತದೆ, ಮತ್ತೆ ಹೋಗುವುದಿಲ್ಲ. ಅದಕ್ಕೇ ಕೆಲಸದ ನಡುವೆ ಎದ್ದು ಹೋಗುವಾಗ ಅಚ್ಚು, ಚಾಕು ಯಾವುದನ್ನೂ ಪಟ್ಟಿಯ ಮೇಲೆ ಬಿಡಬೇಡಿ.

ಅಳತೆ, ಕತ್ತರಿಕೆ

ಎತ್ತು ತಲೆ ಎತ್ತಿ ನಿಂತಾಗ ಒಂದು ಸಲ, ತಲೆ ಬಗ್ಗಿಸಿ ಮೇಯುವಾಗ ಒಂದು ಸಲ ತೆಂಗಿನ ಹುರಿಯಿಂದ ಕೊರಳ ಸುತ್ತು ಅಳೆಯಿರಿ. ದೊಡ್ಡ ಅಳತೆಯೇ ಲೆಕ್ಕಕ್ಕೆ. ಅದಕ್ಕೆ ಬಕಲಿನ ಮಡಿಕೆಗೂ ತೂತುಗಳಿಗೂ ಸೇರಿ 25 ಸೆಂಟಿಮೀಟರ್ ಕೂಡಿಸಿ. ಅಗಲ 5 ಸೆಂಟಿಮೀಟರ್. ಇದಕ್ಕಿಂತ ಕಿರಿದಾದರೆ ಚರ್ಮಕ್ಕೆ ಕೊರೆಯುತ್ತದೆ. ಉಕ್ಕಿನ ಪಟ್ಟಿ ಇಟ್ಟು ಒಂದೇ ಎಳೆತಕ್ಕೆ ಕೊಯ್ಯಿರಿ. ಎರಡು ಮೂರು ಸಲ ಗೀಚಿದರೆ ಅಂಚು ಹಲ್ಲುಹಲ್ಲಾಗುತ್ತದೆ.

ಕೆತ್ತನೆ

ಮಾದರಿಗಾಗಿ ಬೇರೆ ದೇಶದ ಹೂವುಗಳನ್ನು ಹುಡುಕಿ ಹೋಗುವುದೇಕೆ? ತುರುವೇಕೆರೆಯ ಗಂಗಾಧರೇಶ್ವರ ಗುಡಿಯ ಕರಿಗಲ್ಲ ನಂದಿಯನ್ನು ನೋಡಿ ಬನ್ನಿ. ತಿಪಟೂರು ತಾಲ್ಲೂಕಿನದೇ ಆದ ಅರಳಗುಪ್ಪೆಯ ಹೊಯ್ಸಳರ ಚೆನ್ನಕೇಶವ ಗುಡಿಗೂ ಹೋಗಿ. ಹೊಯ್ಸಳ ಗುಡಿಗಳ ಬುಡದ ಪಟ್ಟಿಕೆಗಳಲ್ಲಿ ಆನೆಯ ಸಾಲು, ಕುದುರೆಯ ಸಾಲು, ಬಳ್ಳಿಯ ಸಾಲು ಒಂದರ ಮೇಲೊಂದು ಬರುತ್ತವೆ. ಕುದುರೆಗಳ ಎದೆಪಟ್ಟಿ, ಲಗಾಮುಗಳನ್ನೂ ಕಲ್ಲಲ್ಲೇ ತೋರಿಸಿರುತ್ತಾರೆ. ನಮ್ಮ ಕೆಲಸಕ್ಕೆ ಬಳ್ಳಿಯ ಸಾಲೇ ಸರಿ. ಅಲೆಯಾಗಿ ಸಾಗುವ ಒಂದೇ ದಂಟು, ಪ್ರತಿ ಬಾಗಿನಲ್ಲೂ ಒಂದು ಎಲೆ. ಪಟ್ಟಿ ಎಷ್ಟು ಉದ್ದವಿದ್ದರೂ ಅದು ಸಾಗುತ್ತದೆ. ಮೊದಲ ಪಟ್ಟಿಗೆ ದಂಟು, ಎಲೆ ಎರಡೇ ಸಾಕು. ಆನೆ, ನವಿಲು ಆಮೇಲೆ.

ಹೊಲಿಗೆಗೆಂದು ಎರಡೂ ಅಂಚಿನಲ್ಲಿ 8 ಮಿಲಿಮೀಟರ್ ಬಿಟ್ಟರೆ ಕೆತ್ತಲು 34 ಮಿಲಿಮೀಟರ್ ಅಗಲ ಉಳಿಯುತ್ತದೆ. ಬಕಲ್ ಕೂರುವ ತುದಿ, ತೂತು ಬೀಳುವ ತುದಿ ಎರಡನ್ನೂ ಬರಿದಾಗಿ ಬಿಡಿ. ಎಳೆತ ಬೀಳುವ ಜಾಗದಲ್ಲಿ ಚಾಕು ಆಡಿಸಿದರೆ ಪಟ್ಟಿ ಅಲ್ಲೇ ಕಿತ್ತುಕೊಳ್ಳುತ್ತದೆ.

ಹದ ಹಿಡಿಯುವುದು ಹೀಗೆ. ಸ್ಪಂಜಿನಿಂದ ಎರಡೂ ಮಗ್ಗುಲು ಒದ್ದೆ ಮಾಡಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತೆಗೆದು ಗಾಳಿಗೆ ಹಾಕಿ. ಮೇಲಿನ ಬಣ್ಣ ತಿಳಿಯಾಗುತ್ತ ಬಂದು, ಕೆನ್ನೆಗೆ ಒತ್ತಿದರೆ ಇನ್ನೂ ತಣ್ಣಗಿರುವ ಹೊತ್ತೇ ಕೆತ್ತುವ ಹೊತ್ತು. ನೀರು ಹೆಚ್ಚಿದ್ದರೆ ಗೆರೆ ಮುಚ್ಚಿಕೊಳ್ಳುತ್ತದೆ, ಕಡಿಮೆಯಾದರೆ ಚಾಕು ತಡವರಿಸುತ್ತದೆ. ಒರಟು ಮಗ್ಗುಲಿಗೆ ಅಗಲದ ಟೇಪು ಅಂಟಿಸಿಕೊಳ್ಳಿ. ಇಲ್ಲದಿದ್ದರೆ ಬಡಿಯುತ್ತ ಹೋದಂತೆ ಪಟ್ಟಿ ಹಿಗ್ಗಿ ಅಳತೆ ತಪ್ಪುತ್ತದೆ.

ಚಿತ್ರವನ್ನು ಪಾರದರ್ಶಕ ಹಾಳೆಯ ಮೇಲೆ ಬರೆದುಕೊಂಡು, ಇಂಕು ಮುಗಿದ ರೀಫಿಲ್‌ನಿಂದ ತಿದ್ದಿದರೆ ತೊಗಲ ಮೇಲೆ ಮೂಡುತ್ತದೆ. ಆ ಗೆರೆಯನ್ನು ಚಾಕುವಿನಲ್ಲಿ ನೇರವಾಗಿ ಸೀಳಿ. ಆಳ ದಪ್ಪದ ಮೂರನೇ ಒಂದು ಪಾಲಿಗೆ ಮೀರದಿರಲಿ. ಗೆರೆಗೆ ಗೆರೆ ಅಡ್ಡ ಹಾಯಬಾರದು. ಆಮೇಲೆ ಓರೆ ಅಚ್ಚನ್ನು ಗೆರೆಯ ಹೊರಮಗ್ಗುಲಿಗೆ ಇಟ್ಟು, ಕೂದಲೆಳೆಯಷ್ಟು ಸರಿಸುತ್ತ ಸರಿಸುತ್ತ ಕೊಡತಿಯಿಂದ ತಟ್ಟಿ. ಹೊರಗಿನದು ತಗ್ಗಿದಂತೆ ಎಲೆ ತಾನಾಗಿ ಮೇಲೆದ್ದಂತೆ ಕಾಣುತ್ತದೆ. ಎಲೆಯ ನಡುವೆ ದುಂಡು ಅಚ್ಚಿನಿಂದ ನೆರಳು ಕೊಡಿ. ಉಳಿದ ಬಯಲನ್ನು ಗೀರಿನ ಅಚ್ಚಿನಿಂದ ತಗ್ಗಿಸಿ. ಈ ಬಯಲು ತುಂಬುವ ಕೆಲಸ ಬೇಸರದ್ದು, ಆದರೆ ಕೆತ್ತನೆಗೆ ಕಳೆ ಬರುವುದೇ ಅದರಿಂದ.

ಬಣ್ಣ, ಎಣ್ಣೆ

ನೆರಳಲ್ಲಿ ಎರಡು ದಿನ ಒಣಗಿಸಿ. ಬಿಸಿಲು ಬೇಡ. ಕಪ್ಪು ಬೇಕಿದ್ದರೆ ಅಂಗಡಿ ಬಣ್ಣದ ಅಗತ್ಯವೇ ಇಲ್ಲ. ಮಣ್ಣಿನ ಗಡಿಗೆಯಲ್ಲಿ ತುಕ್ಕು ಮೊಳೆ ಒಂದು ಹಿಡಿ, ಒಂದು ಅಚ್ಚು ಬೆಲ್ಲ, ನೀರು ಹಾಕಿ ಬಟ್ಟೆ ಕಟ್ಟಿ ಎರಡು ಮೂರು ವಾರ ಹುಳಿ ಬರಿಸಿ. ಗಾಳಿಯಾಡದ ಮುಚ್ಚಳ ಹಾಕಬೇಡಿ, ಒಳಗೆ ಅನಿಲ ಏಳುತ್ತದೆ. ಸೋಸಿದ ಆ ನೀರನ್ನು ಸವರಿದರೆ ತೊಗಲಿನ ಒಗರೂ ಕಬ್ಬಿಣವೂ ಕೂಡಿ ನೋಡುನೋಡುತ್ತಲೇ ಕಪ್ಪಾಗುತ್ತದೆ. ಅಳಲೆಕಾಯಿ ಮಸಿ ಮಾಡುತ್ತಿದ್ದುದೂ ಇದೇ ರಸಾಯನದಿಂದ. ಮೇಲೆ ಬಳಿದ ಬಣ್ಣವಲ್ಲವಾದ್ದರಿಂದ ಎತ್ತಿನ ಮೈಗೆ ಅಂಟುವುದಿಲ್ಲ. ಕೊನೆಯಲ್ಲಿ ಅಡುಗೆ ಸೋಡಾ ಬೆರೆಸಿದ ನೀರಿನಿಂದ ಒರೆಸಿ ಹುಳಿ ತೆಗೆಯಿರಿ. ಮೊದಲು ಚೂರೊಂದರ ಮೇಲೆ ಪರೀಕ್ಷೆ ಮಾಡುವುದನ್ನು ಮರೆಯಬೇಡಿ.

ಇನ್ನು ಎಣ್ಣೆ. ಕೊಬ್ಬರಿ ಸೀಮೆಯಲ್ಲಿ ಕೂತು ಹೇಳಬಾರದ ಮಾತಿದು, ಆದರೂ ಹೇಳುತ್ತೇನೆ: ಕೊಬ್ಬರಿ ಎಣ್ಣೆ ಬೇಡ. ಚಳಿಗೆ ಗಟ್ಟಿಯಾಗಿ ಕೆತ್ತನೆಯ ಸಂದಿನಲ್ಲಿ ಬೆಳ್ಳಗೆ ಕೂರುತ್ತದೆ, ವಾಸನೆಗೆ ಇಲಿ ಬರುತ್ತದೆ. ಮೆಟ್ಟಿಗೆ ಹಿರಿಯರು ಹಚ್ಚುತ್ತಿದ್ದ ಹರಳೆಣ್ಣೆಯೇ ಮೇಲು. ತೆಳುವಾಗಿ ಒಂದು ಕೈ ಸವರಿ, ಒಂದು ದಿನ ಬಿಟ್ಟು ಇನ್ನೊಂದು ಕೈ. ಅದರ ಮೇಲೆ ಒಂದು ಭಾಗ ಜೇನುಮೇಣ, ಮೂರು ಭಾಗ ಹರಳೆಣ್ಣೆ ಕಾಯಿಸಿ ಕೂಡಿಸಿದ್ದನ್ನು ಉಜ್ಜಿದರೆ ಮಳೆ ಹನಿಗೆ ತಕ್ಕಮಟ್ಟಿಗೆ ತಡೆ. ಮೇಣವನ್ನು ನೇರ ಉರಿಗೆ ಇಡದೆ ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ.

ಅಸ್ತರಿ, ಹೊಲಿಗೆ

ಕೊರಳಿಗೆ ತಾಗುವ ಮಗ್ಗುಲಿಗೆ ಮೆತ್ತನೆಯ ಕುರಿ ತೊಗಲಿನ ಅಸ್ತರಿ ಹಾಕಿ. ಗೆಜ್ಜೆಯ ಕುಣಿಕೆ, ರಿವೆಟ್ಟು ಇತ್ಯಾದಿ ಎಲ್ಲವನ್ನೂ ಅಸ್ತರಿಗೆ ಮುಂಚೆಯೇ ಕೂರಿಸಬೇಕು. ಒಳಮಗ್ಗುಲಲ್ಲಿ ಏನೂ ಚುಚ್ಚಬಾರದು. ಭಾರ ಎಳೆಯುವ ಪ್ರಾಣಿಗಳ ಬಗ್ಗೆ 1965ರಲ್ಲಿ ಬಂದ ಕೇಂದ್ರದ ನಿಯಮಗಳು ಮುಳ್ಳು, ಗುಬುಟು ಇರುವ ಕಡಿವಾಣ, ಸರಂಜಾಮುಗಳನ್ನು ನಿಷೇಧಿಸಿವೆ.

ಹೊಲಿಗೆಯ ಉದ್ದದ ನಾಲ್ಕರಷ್ಟು ದಾರ, ಅದರ ಮೇಲೊಂದು ಮೊಳ ತೆಗೆದುಕೊಳ್ಳಿ. ಎರಡು ತುದಿಗೂ ಒಂದೊಂದು ದಬ್ಬಳ. 5 ಮಿಲಿಮೀಟರಿಗೊಂದು ತೂತು. ಒಂದೇ ತೂತಿನಲ್ಲಿ ಎರಡು ದಬ್ಬಳವೂ ಎದುರುಬದುರು ಹಾಯ್ದು ಬಿಗಿಯಾಗಬೇಕು. ಜೀನು ಹೊಲಿಯುವವರ ಹೊಲಿಗೆ ಇದು. ಒಂದು ಎಳೆ ಸವೆದು ಹರಿದರೂ ಇನ್ನೊಂದು ಹಿಡಿದಿರುತ್ತದೆ, ಯಂತ್ರದ ಹೊಲಿಗೆಯಂತೆ ಸರಸರ ಬಿಚ್ಚಿಕೊಳ್ಳುವುದಿಲ್ಲ. ಕೊನೆಗೆ ಮೂರು ಹೊಲಿಗೆ ಹಿಂದಕ್ಕೆ ಬಂದು ಮುಗಿಸಿ. ಅಂಚಿನ ಮೂಲೆ ಸವರಿ, ಹುಣಸೆಬೀಜದ ತೆಳು ಗಂಜಿ ಹಚ್ಚಿ, ನುಣುಪು ಮಾಡಿದ ಕರಟದ ಚೂರಿನಿಂದ ಬಿಸಿಯೇರುವ ತನಕ ಉಜ್ಜಿದರೆ ಅಂಚು ಹೊಳೆಯುತ್ತದೆ. ಗಂಜಿ ಅಂದಂದೇ ಕಾಯಿಸಿದ್ದಾಗಿರಲಿ.

ಹೆಣೆದ ಬಾರು

ಗೆಜ್ಜೆ ಇಳಿಬಿಡಲು ನಾಲ್ಕೆಳೆಯ ದುಂಡು ಹೆಣಿಗೆ ಚೆನ್ನ. ಇದಕ್ಕೆ ಮಾತ್ರ ತೆಳು ತೊಗಲು ಬೇಕು, 1.5 ಮಿಲಿಮೀಟರ್ ಸಾಕು. ಉದ್ದ ತುಂಡಿಲ್ಲವೆಂದು ಕೊರಗಬೇಕಿಲ್ಲ. ದುಂಡು ಬಿಲ್ಲೆ ಕತ್ತರಿಸಿ, ಅಂಚಿನಿಂದ ಸುರುಳಿಯಾಗಿ ಒಳಕ್ಕೆ ಕೊಯ್ಯುತ್ತ ಹೋಗಿ. 15 ಸೆಂಟಿಮೀಟರ್ ಅಡ್ಡಳತೆಯ ಬಿಲ್ಲೆಯಿಂದ 4 ಮಿಲಿಮೀಟರ್ ಅಗಲದ ಬಾರು ಸುಮಾರು 4 ಮೀಟರ್ ಸಿಗುತ್ತದೆ. ಒದ್ದೆ ಮಾಡಿ ಎಳೆದು ಒಣಗಿಸಿದರೆ ನೆಟ್ಟಗಾಗುತ್ತದೆ.

ಹೆಣೆದು ಮುಗಿದಾಗ ಬೇಕಾದ ಉದ್ದದ ಒಂದೂವರೆಯಷ್ಟು ಎಳೆ ಇರಲಿ. ನಾಲ್ಕನ್ನೂ ಸಾಲಾಗಿ ಹಿಡಿದು, ಬಲತುದಿಯ ಎಳೆಯನ್ನು ಹಿಂದಿನಿಂದ ಎರಡು ಎಳೆ ದಾಟಿಸಿ, ಮುಂದಿನಿಂದ ಒಂದು ಎಳೆಯ ಮೇಲೆ ಬಲಕ್ಕೇ ಮರಳಿಸಿ. ಆಮೇಲೆ ಎಡತುದಿಯದೂ ಹಾಗೆಯೇ: ಹಿಂದೆ ಎರಡು, ಮುಂದೆ ಒಂದು, ಮತ್ತೆ ಎಡಕ್ಕೆ. ಇಷ್ಟೇ, ಇದನ್ನೇ ಮಾಡುತ್ತ ಹೋಗುವುದು. ಪ್ರತಿ ಸಲವೂ ಒಂದೇ ಬಿಗಿ ಇರಬೇಕು. ಎಳೆಗೆ ಒದ್ದೆ ಸೋಪು ಸವರಿದರೆ ಜಾರಿ ಕೂರುತ್ತದೆ. ತೊಗಲು ಮುಟ್ಟುವ ಮೊದಲು ತೆಂಗಿನ ಹುರಿಯಲ್ಲಿ ಕೈ ಪಳಗಿಸಿಕೊಳ್ಳಿ. ನಮ್ಮಲ್ಲಿ ಅದಕ್ಕೇನು ಬರವೇ?

ಹೆಣೆದ ಬಾರು ಅಲಂಕಾರಕ್ಕೆ ಮಾತ್ರ. ಎತ್ತು ಕಟ್ಟುವ ಹಗ್ಗಕ್ಕೆ, ಮೂಗುದಾರಕ್ಕೆ ನೂಲಿನದೇ ಇರಲಿ. ಕುದುರೆಗೆ ಮಾಡುವವರಿಗೂ ಇದೇ ಮಾತು: ಲಗಾಮು, ಕಡಿವಾಣದ ಪಟ್ಟಿಗಳನ್ನು ಹವ್ಯಾಸಿಗಳು ಮಾಡಬಾರದು, ಅದು ಹರಿದರೆ ಸವಾರನ ಜೀವಕ್ಕೆ ಕುತ್ತು. ಲಾಯದಲ್ಲಿ ಹಾಕುವ ಮುಖಪಟ್ಟಿಗೆ ಕುದುರೆ ಸಾಕುವವರು ಇಂದಿಗೂ ತೊಗಲನ್ನೇ ಮೆಚ್ಚುವುದಕ್ಕೆ ಕಾರಣ, ಪಟ್ಟಿ ಎಲ್ಲಾದರೂ ಸಿಕ್ಕಿಕೊಂಡು ಕುದುರೆ ಗಾಬರಿಬಿದ್ದರೆ ತೊಗಲು ಹರಿದು ಕುದುರೆ ಪಾರಾಗುತ್ತದೆ. ನೈಲಾನ್ ಹರಿಯದೆ ಕುತ್ತಿಗೆಯನ್ನೇ ತಿರುಚುತ್ತದೆ.

ಕಟ್ಟುವಾಗ

ಎತ್ತು ತಲೆ ಬಗ್ಗಿಸಿದಾಗಲೂ ಪಟ್ಟಿಯ ಕೆಳಗೆ ಅಂಗೈ ಸಲೀಸಾಗಿ ಹೋಗಬೇಕು. ಮೊದಲ ದಿನ ಅರ್ಧ ಗಂಟೆ ಕಟ್ಟಿ ಬಿಚ್ಚಿ, ಕೂದಲು ಕೆದರಿದೆಯೇ, ಚರ್ಮ ಕೆಂಪಾಗಿದೆಯೇ ನೋಡಿ. ಗಾಡಿ, ಉಳುಮೆಗೆ ಹೂಡುವಾಗ ತೆಗೆದಿಡಿ. ನೊಗಕ್ಕೂ ಕೊರಳಿಗೂ ನಡುವೆ ಸಿಕ್ಕರೆ ಹುಣ್ಣಾಗುತ್ತದೆ. ಬಿಚ್ಚಿದ ಮೇಲೆ ಒದ್ದೆ ಬಟ್ಟೆಯಿಂದ ಬೆವರು ಒರೆಸಿ, ಗಾಳಿಯಾಡುವ ಕಡೆ ತೂಗುಹಾಕಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಷ್ಟು ಖಂಡಿತ.

ಸಂಕ್ರಾಂತಿಗೆ ಕಟ್ಟುವ ಆಸೆಯಿದ್ದರೆ ದೀಪಾವಳಿಗೇ ಕೆಲಸ ಹಿಡಿಯಿರಿ. ಸಂಕ್ರಾಂತಿಯ ಸಂಜೆ ಕಿಚ್ಚು ಹಾಯಿಸುವ ಮುಂಚೆ ಪಟ್ಟಿಯನ್ನು ಬಿಚ್ಚಿಡಿ. ಮೇಣ ಹಚ್ಚಿದ ತೊಗಲು ಬೆಂಕಿಯ ಝಳಕ್ಕೆ ಸುರುಟಿಕೊಂಡರೆ ಮತ್ತೆ ಸರಿಯಾಗುವುದಿಲ್ಲ.